ಇಲ್ಲಿ ಅಂಥವರು ಯಾರೂ ಇಲ್ಲ

ನಮ್ಮ ಮನೆಯಲ್ಲಿ ಗಂಟೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹದಿನಾಲ್ಕು ಉತ್ತರಗಳು ಬರುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ಮುಂದಿನ ಕೋಣೆಯ ಮೂರು ಗೋಡೆಗಳ ತುಂಬ ಗಡಿಯಾರಗಳು. ನಾಲ್ಕನೆಯ ಗೋಡೆಯಲ್ಲಿ ಬಾಗಿಲಿರುವುದರಿಂದ ಅದೊಂದು ಬಚಾವಾಗಿದೆ. ಇವುಗಳಲ್ಲಿ ಯಾವುದೂ ನಮ್ಮದಲ್ಲ. ಎಲ್ಲವೂ ಊರಿನವರು ಮಾವನಿಗೆ ರಿಪೇರಿಗೆಂದು ಕೊಟ್ಟವು.

ಮಾವ ಅಮ್ಮನ ತಮ್ಮ. ಅವನಿಗೆ ಕೆಲಸ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ನಿಂತ ಗಡಿಯಾರವನ್ನು ಒಂದೇ ಮಧ್ಯಾಹ್ನದಲ್ಲಿ ನಡೆಸುತ್ತಾನೆ. ತೊಂದರೆ ಇರುವುದು ಅದರ ನಂತರ. ನಡೆಯತೊಡಗಿದ ಗಡಿಯಾರವನ್ನು ಗೋಡೆಗೆ ತೂಗುಹಾಕಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಕೇಳುತ್ತಾನೆ. ಕೇಳಿದಷ್ಟೂ ಅದರಲ್ಲಿ ಏನೋ ಒಂದು ಊನ ಅವನ ಕಿವಿಗೆ ಸಿಗುತ್ತದೆ. “ಇನ್ನೊಂದು ಚೂರು ಸರಿಹೋಗ್ಬೇಕು” ಎನ್ನುತ್ತಾನೆ. ಆ ಚೂರು ವರ್ಷಗಟ್ಟಲೆ ಸರಿಹೋಗುವುದಿಲ್ಲ. ಅಷ್ಟರಲ್ಲಿ ಗಿರಾಕಿ ಬಾಗಿಲಿಗೆ ಬರುತ್ತಾನೆ.

ಹೀಗಾಗಿ ನಮ್ಮಲ್ಲಿ ಒಂದು ಕವಾಯತು ಬೆಳೆದುಬಂದಿದೆ. ಗೇಟು ಕಿರುಗುಟ್ಟಿದರೆ ಸಾಕು, ಮಾವ ಹಿಂದಿನ ಮೆಟ್ಟಿಲು ಹತ್ತಿ ತಾರಸಿ ಸೇರುತ್ತಾನೆ. ಅಮ್ಮ ಗೋಡೆಯುದ್ದಕ್ಕೂ ಕಟ್ಟಿದ ದಾರದ ಮೇಲಿನ ಹಳೆಯ ಹೊದಿಕೆಗಳನ್ನು ಎಳೆದು ಗಡಿಯಾರಗಳನ್ನು ಮುಚ್ಚುತ್ತಾಳೆ. ಅಜ್ಜಿ ಬಾಗಿಲನ್ನು ಅರ್ಧ ತೆರೆದು, ಆ ಅರ್ಧದಲ್ಲಿ ತಾನೇ ತುಂಬಿಕೊಂಡು ನಿಂತು ಹೇಳುತ್ತಾಳೆ: “ಇಲ್ಲಿ ಅಂಥವರು ಯಾರೂ ಇಲ್ಲ. ಊರು ಬಿಟ್ಟು ಹೋದ್ರು.” ಬಂದವರು ಹೊದಿಕೆಯ ಹಿಂದಿನಿಂದ ಬರುವ ಟಿಕ್ ಟಿಕ್ ಕೇಳುತ್ತಲೇ ವಾಪಸು ಹೋಗುತ್ತಾರೆ. ಅಪ್ಪ ಹಡಗಿನಲ್ಲಿ ಅಡುಗೆಯವರು, ವರ್ಷಕ್ಕೆ ಎರಡು ಸಲ ಬಂದುಹೋಗುವವರು. ಒಂದು ಸಲ ಗಡ್ಡ ಬಿಟ್ಟುಕೊಂಡು ಬಂದಾಗ ಅಜ್ಜಿ ಅವರನ್ನೂ ಇದೇ ಮಾತು ಹೇಳಿ ಸಾಗಹಾಕಲು ನೋಡಿದ್ದಳು.

ಇಂಥ ಮನೆಯಲ್ಲಿ ಬೆಳೆದ ನನಗೆ ನಿಶ್ಶಬ್ದದ ಹುಚ್ಚು ಹಿಡಿದದ್ದು ಆಶ್ಚರ್ಯವೇನಲ್ಲ. ಚಿಕ್ಕವಳಿದ್ದಾಗ ಗಡಿಯಾರದ ಒಂದು ಹೊಡೆತ ಮುಗಿದು ಇನ್ನೊಂದು ಬೀಳುವ ಮೊದಲಿನ ಸಂದಿಗಾಗಿ ಕಾದು ಮಲಗುತ್ತಿದ್ದೆ. ಮಾತಾಡಿದರೆ ಎಲ್ಲಿ ಆ ಸಂದು ತಪ್ಪಿಹೋಗುತ್ತದೋ ಎಂದು ಮಾತೂ ಕಡಿಮೆಯಾಯಿತು. ಮನೆಯವರು ಮೌನಗೌರಿ ಎಂದು ಹೆಸರಿಟ್ಟರು. ಬೇರೆ ಊರಿನ ಹಾಸ್ಟೆಲಿನಲ್ಲಿದ್ದುಕೊಂಡು ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಬಂದೆ. ಆಮೇಲೆ ಬಹಳ ಕಾಲ ಕಿಟಕಿಯ ಪಕ್ಕ ಕೂತು ಏನನ್ನೋ ಯೋಚಿಸುತ್ತಿದ್ದೆ. ಏನೆಂದು ಅಮ್ಮ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಸದ್ದು ಅಳೆಯುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

“ಸದ್ದು ಅಳೆಯೋಕೆ ಸಂಬಳ ಕೊಡ್ತಾರಾ?” ಎಂದಳು ಅಜ್ಜಿ. “ಹಂಗಾದ್ರೆ ಇಷ್ಟು ವರ್ಷ ನಾವೆಲ್ಲ ಪುಕ್ಕಟೆ ಕೇಳಿದ್ವಾ?”

ಕೆಲಸ ಸರಳ. ಕಾರ್ಖಾನೆ, ಆಸ್ಪತ್ರೆ, ನಾಟಕಶಾಲೆ ಹೀಗೆ ಯಾರಾದರೂ ಕರೆದಲ್ಲಿಗೆ ಹೋಗಿ, ಎಷ್ಟು ಸದ್ದಿದೆ, ಎಲ್ಲಿಂದ ಬರುತ್ತಿದೆ ಎಂದು ನೋಡಿ ಹೇಳಬೇಕು. ನಮ್ಮ ಕಚೇರಿಯ ಹಿರಿಯರು ಮಾತಿಗೊಮ್ಮೆ ತುಟಿಯ ಮೇಲೆ ಬೆರಳಿಡುತ್ತಿದ್ದುದರಿಂದ ಅವರಿಗೆ ಉಶ್ ಸಾರ್ ಎಂಬ ಹೆಸರು. ಮೊದಲ ದಿನವೇ ಅವರು ನನ್ನ ಕೈಗೆ ಒಂದು ಮೀಟರು ಕೊಟ್ಟರು. ಅಂಗೈಯಗಲದ ಯಂತ್ರ, ಮೂತಿಗೆ ಕಪ್ಪು ಸ್ಪಂಜಿನ ಟೋಪಿ.

“ಇದನ್ನ ಮಗು ಥರ ಎತ್ಕೊಂಡು ಓಡಾಡಿ” ಎಂದರು ಪಿಸುಮಾತಿನಲ್ಲಿ. “ಮನೆಗೂ ತಗೊಂಡು ಹೋಗಿ. ಬೀದಿ ಅಳೀರಿ, ಬಸ್ಸು ಅಳೀರಿ. ದಿನದಲ್ಲಿ ಕೇಳಿದ ಅತಿ ದೊಡ್ಡ ಸದ್ದನ್ನ ಇದು ಹಿಡಿದಿಟ್ಟುಕೊಂಡಿರುತ್ತೆ. ಅದು ಯಾವುದರದು ಅಂತ ಬರೀದೆ ಅಳಿಸೋ ಹಾಗಿಲ್ಲ. ಗೊತ್ತಾಯ್ತಾ?”

ನಾನು ತಲೆಯಾಡಿಸಿದೆ. ಅವರಿಗೆ ಸಂತೋಷವಾಯಿತು. ಉತ್ತರವನ್ನು ತಲೆಯಾಡಿಸಿ ಕೊಡುವವರು ಅವರಿಗೆ ಇಷ್ಟ.

ತಿಂಗಳು ಕಳೆದ ಮೇಲೆ ಅವರು ಸದ್ದಿಲ್ಲದ ಕೋಣೆಯ ಸುದ್ದಿ ತೆಗೆದರು. ದೂರದ ನಗರದ ಪ್ರಯೋಗಶಾಲೆಯೊಂದರಲ್ಲಿ ಅಂಥದೊಂದು ಕೋಣೆ ಇದೆಯಂತೆ. ಗೋಡೆ, ಸೂರು, ನೆಲ ಎಲ್ಲಕ್ಕೂ ಸ್ಪಂಜಿನ ಹಲ್ಲುಗಳು; ನಡೆಯುವುದು ತಂತಿಬಲೆಯ ಮೇಲೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಚಪ್ಪಾಳೆ ತಟ್ಟಿದರೂ ಸತ್ತ ಹಾಗೆ ಕೇಳುತ್ತದೆ, ಸ್ವಲ್ಪ ಹೊತ್ತಿಗೆ ತನ್ನದೇ ರಕ್ತ ಹರಿಯುವುದು ಕಿವಿಗೆ ಬೀಳುತ್ತದೆ. ವರ್ಷಕ್ಕೊಮ್ಮೆ ಹೊಸಬರೊಬ್ಬರನ್ನು ಅಲ್ಲಿಗೆ ತರಬೇತಿಗೆ ಕಳಿಸುವ ವಾಡಿಕೆ.

“ನಿಮ್ಮ ಹೆಸರು ಕಳಿಸ್ತೀನಿ” ಎಂದರು ಉಶ್ ಸಾರ್. “ಒಂದೇ ವಿಷಯ. ಅಲ್ಲಿನ ಮೈಕುಗಳು ನಾಜೂಕು. ಒಡೆದರೆ ಇರಲಿ ಅಂತ ಬರೋರ ಹೆಸರಲ್ಲೇ ಕ್ರೆಡಿಟ್ ಕಾರ್ಡು ಕೇಳ್ತಾರೆ. ಬೇರೆಯವರದ್ದು ನಡೆಯಲ್ಲ. ನಿಮ್ಮ ಹತ್ರ ಇದೆ ತಾನೇ?”

ನಾನು ತಲೆಯಾಡಿಸಿದೆ, ಈ ಸಲ ಅಡ್ಡಡ್ಡ.

“ಮಾಡಿಸ್ಕೊಳ್ಳಿ. ತಿಂಗಳ ಕೊನೇ ದಿನದೊಳಗೆ ಕಾರ್ಡಿನ ನಂಬರು ಕಳಿಸ್ಬೇಕು. ಇಲ್ಲಾಂದ್ರೆ ಆ ಜಾಗ ಬೇರೆ ಕಂಪನಿಗೆ ಹೋಗುತ್ತೆ. ಮುಂದಿನ ವರ್ಷ ನೋಡ್ಬೇಕಾಗುತ್ತೆ.”

ಒಂದು ವರ್ಷ ಹದಿನಾಲ್ಕು ಗಡಿಯಾರಗಳ ಮನೆಯಲ್ಲಿ ಬಹಳ ಉದ್ದ. ಅಂದೇ ಮಧ್ಯಾಹ್ನ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಕಾಗದಗಳನ್ನು ತಿರುವಿ ನೋಡಿ ಕನ್ನಡಕ ಏರಿಸಿಕೊಂಡರು.

“ಕೆಲಸಕ್ಕೆ ಸೇರಿ ಎಷ್ಟಾಯ್ತಮ್ಮ?”

“ಒಂದು ತಿಂಗಳು.”

“ಸಂಬಳದ ಚೀಟಿ ಇನ್ನೂ ಬಿಸಿ ಬಿಸಿ ಇದೆಯಲ್ಲ.” ನಕ್ಕರು. “ಸಾಮಾನ್ಯವಾಗಿ ಮೂರು ತಿಂಗಳದ್ದು ಕೇಳ್ತಾರೆ. ನಿಮ್ಮ ಸಂಬಳ ನಮ್ಮಲ್ಲಿಗೇ ಬರೋದ್ರಿಂದ ಹಾಕಿ ನೋಡೋಣ. ಆದ್ರೆ ವಿಚಾರಣೆ ಬಿಗಿ ಇರುತ್ತೆ. ಆಫೀಸಿಗೆ ಫೋನ್ ಮಾಡ್ತಾರೆ, ಮನೆಗೆ ಒಬ್ರು ಬಂದು ನೀವು ಅಲ್ಲಿರೋದು ಹೌದಾ ಅಂತ ನೋಡ್ತಾರೆ. ಮನೇಲಿ ಯಾರಾದ್ರೂ ಇರ್ತಾರಲ್ಲ?”

“ಯಾವಾಗಲೂ ಇರ್ತಾರೆ” ಎಂದೆ.

ಮನೆಯಲ್ಲಿ ಏನೂ ಹೇಳಲಿಲ್ಲ. ಕಾರ್ಡು ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಹೇಳದೆ ಉಳಿದ ಮಾತು ನನಗೆ ಯಾವತ್ತೂ ಭಾರವೆನಿಸಿದ್ದಿಲ್ಲ.

ವಾರದ ನಂತರ ಒಂದು ಸಂಜೆ ಕೆಲಸದಿಂದ ಬಂದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಮುಖದಲ್ಲಿ ಯುದ್ಧ ಗೆದ್ದ ಕಳೆ ಇತ್ತು.

“ಇವತ್ತು ನಿನ್ನನ್ನ ಹುಡುಕ್ಕೊಂಡು ಒಬ್ಬ ಬಂದಿದ್ದ” ಎಂದಳು. “ಹೆಲ್ಮೆಟ್ಟು, ಬ್ಯಾಗು, ಕೈಯಲ್ಲಿ ಫೋನು. ನಿನ್ನ ಹೆಸರು ಪೂರ್ತಿ ಹೇಳ್ದ, ಇನಿಷಿಯಲ್ ಸಮೇತ. ನಾನು ಬಿಡ್ತೀನಾ? ಅಂಥವರು ಯಾರೂ ಇಲ್ಲ ಅಂದೆ.”

ನನ್ನ ಚಪ್ಪಲಿಯ ಒಂದು ಕಾಲು ಹೊಸ್ತಿಲ ಹೊರಗೇ ಉಳಿಯಿತು.

“ಸುಮ್ಮನೆ ಹೋಗ್ಲಿಲ್ಲ ಕಣೇ ಅವನು” ಎಂದು ಅಮ್ಮ ಒಳಗಿನಿಂದ ಸೇರಿಸಿದಳು. “ಮುಂಚೆ ಇದ್ರಾ ಅಂತ ಕೇಳ್ದ. ಊರು ಬಿಟ್ಟು ಹೋದ್ರು ಅಂತ ಅಜ್ಜಿ ಅಂದ್ಳು. ಎಲ್ಲಿಗೆ ಅಂದ. ನಾನು ವಿಳಾಸ ಕೊಟ್ಟಿಲ್ಲ ಅಂದೆ.”

“ಯಾಕಜ್ಜಿ ಹಾಗಂದೆ?”

“ಇನ್ನೇನು ಅನ್ಬೇಕಿತ್ತು? ತಿಂಗಳಿಂದ ಯಾರದ್ದೋ ಮೀಟರು ಮನೆಗೆ ತಂದಿಟ್ಕೊಂಡಿದೀಯ. ದಿನಾ ಕಿವಿ ಹತ್ರ ಹಿಡ್ಕೊಂಡು ಕೂರ್ತೀಯ. ಸೋದರಮಾವನ ಬುದ್ಧಿ ಎಲ್ಲಿಗೆ ಹೋಗುತ್ತೆ, ಇವಳೂ ರಿಪೇರಿಗೆ ಶುರುಮಾಡಿದಾಳೆ, ಅದರ ಯಜಮಾನನೇ ಬಂದ ಅಂದ್ಕೊಂಡೆ.”

ತಾರಸಿಯಿಂದ ಇಳಿದು ಬಂದ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟ. “ಹೆದರ್ಬೇಡ. ಮೊದಲನೇ ಗಿರಾಕಿ ಬಂದಾಗ ನನಗೂ ಹೀಗೇ ಕೈಕಾಲು ತಣ್ಣಗಾಗಿತ್ತು.”

ನಾನು ಕೂತುಕೊಂಡು ಎಲ್ಲ ಹೇಳಿದೆ. ಕಾರ್ಡು, ಕೋಣೆ, ತಿಂಗಳ ಕೊನೆ. ಅಷ್ಟು ಉದ್ದದ ಮಾತು ನನ್ನ ಬಾಯಿಂದ ಅವರು ಕೇಳಿರಲಿಲ್ಲ.

“ಮೊದಲೇ ಒಂದು ಮಾತು ಹೇಳೋಕೆ ನಿನಗೇನಾಗಿತ್ತೇ, ಬಾಯಿಂದ ಮುತ್ತು ಉದುರ್ತಿತ್ತಾ?” ಎಂದಳು ಅಮ್ಮ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಬ್ಯಾಂಕಿನ ಹೆಂಗಸು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದರು. ಅರ್ಜಿ ತಿರಸ್ಕೃತವಾಗಿತ್ತು. ಕೆಳಗೆ ಕಾರಣಗಳು: ಅರ್ಜಿದಾರರು ಈ ವಿಳಾಸದಲ್ಲಿಲ್ಲ, ಊರು ಬಿಟ್ಟಿದ್ದಾರೆ. ಕಚೇರಿಯಲ್ಲಿ ಫೋನ್ ತೆಗೆದ ವ್ಯಕ್ತಿ ಪಿಸುಗುಟ್ಟಿ ಮಾತಾಡಿದರು, ಉಶ್ ಎಂದು ಹೇಳಿ ಇಟ್ಟುಬಿಟ್ಟರು.

“ಅವರು ಯಾವಾಗಲೂ ಹಾಗೇ” ಎಂದೆ. “ಅಳತೆ ನಡೀತಿದ್ರೆ ಜೋರಾಗಿ ಮಾತಾಡಲ್ಲ.”

“ಮತ್ತೆ ಮನೆಯವರು?”

“ಅವರೂ ಯಾವಾಗಲೂ ಹಾಗೇ.”

ಪದವಿ ಓದುವಾಗ, ನಾನು ನಿಜಕ್ಕೂ ಇದ್ದೇನೆಯೇ ಎಂಬ ಪ್ರಶ್ನೆ ಎಷ್ಟೋ ಸಂಜೆ ನನ್ನನ್ನು ಕಾಡಿತ್ತು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತಿದ್ದೆ. ಈಗ ಬ್ಯಾಂಕು ಅದಕ್ಕೆ ಲಿಖಿತ ಉತ್ತರ ಕೊಟ್ಟಿತ್ತು. ವಿಚಿತ್ರವೆಂದರೆ ನನಗೆ ಸಿಟ್ಟು ಬಂತು. ಇಲ್ಲದವಳಿಗೆ ಅಷ್ಟು ಸಿಟ್ಟು ಬರುವುದು ಸಾಧ್ಯವಿರಲಿಲ್ಲ.

ಆ ಹೆಂಗಸು ನನ್ನ ಮುಖ ನೋಡಿ ಮೆತ್ತಗಾದರು. “ಇನ್ನೊಂದು ಸಲ ಕಳಿಸೋಕೆ ಬರೀತೀನಿ. ಒಂದೇ ಸಲ, ಆಯ್ತಾ? ಶನಿವಾರ ಬರ್ತಾರೆ. ಅವತ್ತಾದ್ರೂ ಮನೇಲಿ ನೀವು ಇದೀರಿ ಅಂತ ಹೇಳಿಸಿ.”

ಶುಕ್ರವಾರ ಸಂಜೆ ಮನೆಯಲ್ಲಿ ತಾಲೀಮು ನಡೆಯಿತು. ಮಾವ ತಲೆಗೆ ಪಾತ್ರೆ ಹಾಕಿಕೊಂಡು ಹೆಲ್ಮೆಟ್ಟಿನವನಾದ. ಗೇಟಿನಿಂದ ಬಂದು ಬಾಗಿಲು ಬಡಿದ. ಅಜ್ಜಿ ತೆರೆದಳು.

“ಇಲ್ಲಿ ಇಂಥವರು ಇದಾರಾ?”

“ಇಲ್ಲಿ ಅಂಥವರು” ಎಂದು ಶುರುಮಾಡಿ ಅಜ್ಜಿ ತುಟಿ ಕಚ್ಚಿಕೊಂಡಳು. “ತಡಿಯೋ, ನಾಲಿಗೆ ತಾನಾಗೇ ಹೋಗಿಬಿಡುತ್ತೆ. ಮತ್ತೆ ಬಾ.”

ಮಾವ ಮತ್ತೆ ಗೇಟಿಗೆ ಹೋದ. ಮೂರನೆಯ ಸಲಕ್ಕೆ ಅಜ್ಜಿಯ ಬಾಯಲ್ಲಿ “ಇದಾಳೆ” ಬಂತು. ಬಂದ ಕೂಡಲೇ ಸುಸ್ತಾದವಳಂತೆ ಕೂತುಬಿಟ್ಟಳು.

“ನಿಜ ಹೇಳೋದಕ್ಕೂ ಅಭ್ಯಾಸ ಬೇಕು ನೋಡು” ಎಂದಳು. “ಸುಳ್ಳಾದ್ರೆ ಒಂದೇ ವಾಕ್ಯ. ನಿಜಕ್ಕೆ ಎಷ್ಟೊಂದು ಜೋಡಿಸ್ಬೇಕು.”

“ಕೇಳಿದ್ದಕ್ಕೆ ಉತ್ತರ ಕೊಟ್ರೆ ಸಾಕಜ್ಜಿ. ಆದ್ರೆ ಎಲ್ಲ ನಿಜಾನೇ ಹೇಳ್ಬೇಕು, ಒಂದೂ ಸುಳ್ಳು ಬೇಡ” ಎಂದೆ. ಆ ಷರತ್ತು ನನ್ನನ್ನೇ ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಶನಿವಾರ ನಾಲ್ಕಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಗೇಟು ಕಿರುಗುಟ್ಟಿತು. ಮಾವ ತಾರಸಿಯಲ್ಲಿದ್ದ. ಅಮ್ಮ ಹೊದಿಕೆಗಳನ್ನು ಎಳೆದೂ ಆಗಿತ್ತು. ಎಳೆದ ಮೇಲೆ ನನ್ನ ಮುಖ ನೋಡಿ “ಕೈ ಕೇಳ್ಲಿಲ್ಲ ಕಣೇ” ಎಂದಳು. ತೆಗೆಯಲು ಹೊತ್ತಿರಲಿಲ್ಲ. ಅಜ್ಜಿ ಬಾಗಿಲನ್ನು ಪೂರ್ತಿ ತೆರೆದಳು.

“ಇದಾಳೆ” ಎಂದಳು.

ಹೊರಗೆ ನಿಂತ ಪರಿಶೀಲನೆಯವರು ಇನ್ನೂ ಹೆಲ್ಮೆಟ್ಟು ತೆಗೆದಿರಲಿಲ್ಲ. ತೆಳ್ಳಗಿನ ಮನುಷ್ಯ, ದಣಿದ ಕಣ್ಣು. “ಯಾರು?” ಎಂದರು.

“ನಮ್ಮ ಮೊಮ್ಮಗಳು. ಇಲ್ಲೇ ಇರೋದು. ಹುಟ್ಟಿದ್ದೂ ಇಲ್ಲೇ. ಊರು ಗೀರು ಏನೂ ಬಿಟ್ಟಿಲ್ಲ.”

“ಅಜ್ಜಿ, ಹೋದ ವಾರ ಇದೇ ಬಾಗಿಲಲ್ಲಿ ನಿಂತು ನೀವೇ ಅಲ್ವಾ ಇಲ್ಲ ಅಂದಿದ್ದು?”

“ಹೋದ ವಾರ ಸುಳ್ಳು ಹೇಳಿದ್ದೆ. ಇವತ್ತು ನಿಜ.”

“ಯಾವ ದಿನ ಯಾವುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಇದು ತಾಲೀಮಿನಲ್ಲಿ ಇರಲಿಲ್ಲ. ಅಜ್ಜಿ ನನ್ನತ್ತ ನೋಡಿದಳು. ನಾನು ಮುಂದೆ ಬಂದು ನಾನೇ ಅವಳೆಂದು ಹೇಳಿ ಒಳಗೆ ಕರೆದೆ. ಅವರು ಕುರ್ಚಿಯ ತುದಿಯಲ್ಲಿ ಕೂತು ಫೋನು ತೆಗೆದರು.

“ಗುರುತಿನ ಚೀಟಿ?”

ಕೊಟ್ಟೆ. ಅದರಲ್ಲಿ ಹಾಸ್ಟೆಲಿನ ವಿಳಾಸವಿತ್ತು.

“ಕರೆಂಟು ಬಿಲ್ಲು?”

ಅದು ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಸಮುದ್ರದಲ್ಲಿದ್ದರು.

“ಮನೆಯವರೆಲ್ಲ ಇರೋ ಫೋಟೋ ಏನಾದ್ರೂ ಗೋಡೆ ಮೇಲೆ?”

“ಗೋಡೆ ಮೇಲೆ ಜಾಗ ಇಲ್ಲ” ಎಂದಳು ಅಮ್ಮ. ನಿಜವನ್ನೇ ಹೇಳಿದಳು.

ಅವರು ಗೋಡೆಯುದ್ದಕ್ಕೂ ತೂಗುತ್ತಿದ್ದ ಹೊದಿಕೆಗಳನ್ನು ನೋಡಿದರು. “ಪಕ್ಕದ ಮನೆಯವರನ್ನ ಕೇಳಿ ಬಂದೆ. ನೀವು ಇಲ್ಲಿದೀರಾ ಅಂತ ಕೇಳಿದ್ರೆ ಅವರು ಅವರದ್ದೊಂದು ಅಲಾರಾಂ ಕತೆ ಶುರುಮಾಡಿದ್ರು. ಮುಗೀಲೇ ಇಲ್ಲ.” ಫೋನನ್ನು ಕುರ್ಚಿಯ ಮೇಲೆ ಪಕ್ಕಕ್ಕಿಟ್ಟರು. “ನೋಡಿಮ್ಮ, ನನಗೆ ನಿಮ್ಮ ಮೇಲೆ ಏನೂ ಇಲ್ಲ. ಆದ್ರೆ ನೀವು ಈ ಮನೆಯವರು ಅನ್ನೋಕೆ ಒಂದಾದ್ರೂ ಸಾಕ್ಷಿ ಬೇಕಲ್ಲ. ಇಲ್ಲಾಂದ್ರೆ ಇವತ್ತೂ ನಾನು ಇಲ್ಲ ಅಂತಲೇ ಬರೀಬೇಕು.”

ಆಗ ನಾಲ್ಕಾಯಿತು. ಮೊದಲು ಅಡುಗೆಮನೆ ಕಡೆಯ ಗೋಡೆ, ಆಮೇಲೆ ಕಿಟಕಿಯ ಗೋಡೆ. ಹೊದಿಕೆಗಳ ಹಿಂದಿನಿಂದ ಒಂದರ ಹಿಂದೊಂದು, ಒಂದರ ಮೇಲೊಂದು, ಹತ್ತಿ ತುಂಬಿದ ಹಾಗೆ ಮಂದವಾಗಿ ಹೊಡೆದವು. ಎಲ್ಲ ಮುಗಿದ ಮೇಲೆ ಮೂಲೆಯ ಕಂದು ಮರದ ಗಡಿಯಾರ ಶುರುಮಾಡಿತು. ಅದು ಯಾವಾಗಲೂ ಕೊನೆ. ಒಂದು, ಎರಡು, ಮೂರು. ನಿಂತಿತು. ಮುಗಿಯಿತು ಎನ್ನಿಸುವಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ, ಮರೆತದ್ದು ನೆನಪಾದಂತೆ, ನಾಲ್ಕು.

ಪರಿಶೀಲನೆಯವರು ಎದ್ದು ನಿಂತಿದ್ದರು.

“ಅದೇನದು?” ಎಂದರು. “ಆ ಕೊನೇದು.”

ಅಮ್ಮ ಅಜ್ಜಿಯನ್ನು ನೋಡಿದಳು. ಅಜ್ಜಿ ನನ್ನನ್ನು ನೋಡಿದಳು. ಮೂವರಿಗೂ ಒಂದೇ ಸಲ ಅರ್ಥವಾಗಿತ್ತು. ಊರಿನ ಅರ್ಧ ಗಡಿಯಾರಗಳು ನಮ್ಮ ಗೋಡೆಯ ಮೇಲಿರುವಾಗ ಇಂಥದೊಂದು ದಿನ ಬರಲೇಬೇಕಿತ್ತು, ಇವತ್ತೇ ಬರಬೇಕೆಂದಿರಲಿಲ್ಲ ಅಷ್ಟೇ. ಏನೂ ಇಲ್ಲ, ಪಕ್ಕದ ಮನೆಯದು, ಎಂದು ಅಂದುಬಿಡಬಹುದಿತ್ತು. ಅಜ್ಜಿಯ ಬಾಯಿ ಆಗಲೇ ಆ ಆಕಾರಕ್ಕೆ ತಿರುಗಿತ್ತು. ನಾನು ಎದ್ದು ಹೋಗಿ ಹೊದಿಕೆಯನ್ನು ಪೂರ್ತಿ ಸರಿಸಿದೆ.

ಅವರು ಬಹಳ ಹೊತ್ತು ನೋಡಿದರು.

“ನಮ್ಮ ತಂದೇದು” ಎಂದರು. “ನಾನು ಕಾಲೇಜಿನಲ್ಲಿದ್ದಾಗ ರಿಪೇರಿಗೆ ಕೊಟ್ಟಿದ್ರು. ಕೇಳೋಕೆ ಬಂದಾಗಲೆಲ್ಲ ಯಾರೋ ಒಬ್ಬ ಅಜ್ಜಿ, ರಿಪೇರಿಯವರು ಊರು ಬಿಟ್ಟು ಹೋದ್ರು ಅಂತಿದ್ರಂತೆ.” ನಿಧಾನವಾಗಿ ತಿರುಗಿದರು. “ನೀವೇನಾ?”

“ನಾನೇ” ಎಂದಳು ಅಜ್ಜಿ. ಅಂದು ನಿಜದ ದಿನವಾಗಿತ್ತು.

ಕಾರ್ಡು ಹೋಯಿತು, ಕೋಣೆಯೂ ಹೋಯಿತು ಎಂದು ನನಗೆ ಖಾತ್ರಿಯಾಯಿತು. ಹೋದ ಮೇಲೆ ಒಂದು ಥರದ ಹಗುರ. ಯಾರೂ ಕೇಳದಿದ್ದರೂ ಮಾತು ಬಂತು.

“ಅದು ಕೊನೇ ಹೊಡೆತಕ್ಕೆ ಮುಂಚೆ ಒಂದು ಉಸಿರು ತಗೊಳ್ಳುತ್ತೆ” ಎಂದೆ. “ಚಳಿಗಾಲದಲ್ಲಿ ಇನ್ನೂ ಉದ್ದ. ಚಿಕ್ಕವಳಿದ್ದಾಗ ಆ ಸಂದಿನಲ್ಲೇ ನನಗೆ ನಿದ್ದೆ ಬರ್ತಿತ್ತು. ಕೊನೇದನ್ನ ನಾನು ಎಷ್ಟೋ ಸಲ ಕೇಳಿಯೇ ಇಲ್ಲ.”

ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

“ಒಂದು ಗಂಟೆಗೆ ಏನ್ಮಾಡುತ್ತೆ?” ಎಂದರು.

“ಒಂದಕ್ಕೆ ಬರೀ ಕಿರ್ ಅಂದು ಸುಮ್ಮನಾಗುತ್ತೆ. ನಾವು ಮರೆತ ಮೇಲೆ ಹೊಡೆಯುತ್ತೆ.”

ಅವರ ಮುಖ ಅರಳಿತು. ಅಂಥ ನಗು ಆ ದಣಿದ ಮುಖದೊಳಗೆ ಇದ್ದೀತೆಂದು ಯಾರೂ ಹೇಳುವಂತಿರಲಿಲ್ಲ. “ಯೋಚನೆ ಮಾಡ್ತಿದೆ ಅಂತಿದ್ರು ನಮ್ಮಪ್ಪ. ಯೋಚನೆ ಮಾಡ್ತಿದೆ, ಗದ್ದಲ ಮಾಡ್ಬೇಡ್ರೋ ಅಂತ ನಮ್ಮನ್ನ ಸುಮ್ಮನಿರಿಸ್ತಿದ್ರು.” ಕುರ್ಚಿಯ ಮೇಲಿದ್ದ ಫೋನು ಎತ್ತಿಕೊಂಡು ಹೆಬ್ಬೆರಳಿನಿಂದ ಏನೋ ಒತ್ತಿದರು. “ವಾಸ ಖಚಿತ. ನಮ್ಮ ಮನೆಯವರನ್ನ ಬಿಟ್ರೆ ಇದು ಗೊತ್ತಿರೋದು ಇದರ ಜೊತೆ ವರ್ಷಗಟ್ಟಲೆ ಇದ್ದೋರಿಗೆ ಮಾತ್ರ.”

ಆ ಹೊತ್ತಿಗೆ ಮಾವ ಮೆಟ್ಟಿಲಿಳಿದು ಬಾಗಿಲ ಸಂದಿಯಲ್ಲಿ ನಿಂತಿದ್ದ. ತಪ್ಪೊಪ್ಪಿಕೊಳ್ಳಲು ಬಂದವನ ಮುಖದಲ್ಲಿ ಕೆಲಸಗಾರನ ಹಟವೂ ಇತ್ತು.

“ಆ ತಡ ಇದೆಯಲ್ಲ ಸ್ವಾಮಿ, ಅದೊಂದು ಸರಿಹೋಗ್ಲಿ ಅಂತ ಇಟ್ಕೊಂಡಿದ್ದು. ಚಕ್ರ ತಿಕ್ಕಿದೆ, ಸ್ಪ್ರಿಂಗು ಬದಲಾಯಿಸಿದೆ, ಸುತ್ತಿಗೆ ತೂಕ ಇಳಿಸಿದೆ. ಏನು ಮಾಡಿದ್ರೂ ಅದು ತನ್ನ ಹಟ ಬಿಡ್ಲಿಲ್ಲ.”

“ತಡ ಸರಿಮಾಡಿ ಅಂತ ಯಾರು ಕೊಟ್ರು? ಮುಳ್ಳು ನಿಂತಿದೆ ಅಂತ ಕೊಟ್ಟಿದ್ದು.”

ಮಾವ ಕಣ್ಣು ಮಿಟುಕಿಸಿದ. “ಮುಳ್ಳಾ? ಅದನ್ನ ಅವತ್ತೇ ಸರಿಮಾಡಿದ್ದೆ.”

ಮೊದಲು ಯಾರು ನಕ್ಕರೋ ತಿಳಿಯದು. ಅಜ್ಜಿಯೇ ಇರಬೇಕು. ಟೀ ಆಯಿತು. ಮಾವ ಗಡಿಯಾರವನ್ನು ಇಳಿಸಿ, ಒರೆಸಿ, ದಿಂಬಿನ ಚೀಲದಲ್ಲಿ ಹಾಕಿ, ಅವರ ಬೈಕಿನ ಹಿಂಬದಿಗೆ ಹಗ್ಗದಿಂದ ಕಟ್ಟಿಕೊಟ್ಟ. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನಲ್ಲೇ ನಿಂತಿದ್ದು, “ಮಗಳನ್ನ ಕಳಿಸಿದ ಹಾಗಾಯ್ತು” ಎಂದ. ಮರುವಾರ ಅವನೇ, ನಮ್ಮಲ್ಲಿ ರಿಪೇರಿಗೆ ಬಂದಿದ್ದ ಪಕ್ಕದ ಮನೆಯವರ ಅಲಾರಾಂ ಹಿಡಿದುಕೊಂಡು ಹೋಗಿ, “ಇದಕ್ಕೆ ನಿಜವಾಗ್ಲೂ ಏನಾಗಿತ್ತು ಅಂತ ಒಂದು ಸಲ ಹೇಳ್ಬಿಡಿ” ಎಂದು ಕೇಳಿದನಂತೆ.

ಮೂಲೆಯಲ್ಲಿ ಗೋಡೆಯ ಬಣ್ಣ ಒಂದು ಗಡಿಯಾರದಷ್ಟು ಅಗಲ ತಿಳಿಯಾಗಿ ಉಳಿಯಿತು. ರಾತ್ರಿ ಹಾಸಿಗೆಯಲ್ಲಿ ನಾನು ಆ ಸಂದಿಗಾಗಿ ಕಾದೆ. ಅದು ಬರಲಿಲ್ಲ. ಗಡಿಯಾರ ಹೋದ ಮನೆಯಲ್ಲಿ ಯಾರಾದರೂ ಈಗ ಅದನ್ನು ಕೇಳುತ್ತಿರಬಹುದು ಎಂದುಕೊಂಡಾಗ ಸಮಾಧಾನವಾಯಿತು.

ಕಾರ್ಡು ಮಂಜೂರಾದ ಸಂದೇಶ ಬಂತು. ಮುದ್ರಿಸಿ ಕಳಿಸಿದ್ದೇವೆ, ಕೊರಿಯರಿನಲ್ಲಿ ಕೈಗೇ ತಲುಪಿಸುತ್ತೇವೆ, ವಿಳಾಸದಲ್ಲಿ ಸಿಗದಿದ್ದರೆ ಹಿಂತಿರುಗುತ್ತದೆ ಎಂದಿತ್ತು. ಈ ಸಲ ಮನೆಯಲ್ಲಿ ಎಲ್ಲರಿಗೂ ಹೇಳಿದೆ, ಎರಡೆರಡು ಸಲ. ದಿನ ಕಳೆದವು, ಕಾರ್ಡು ಬರಲಿಲ್ಲ. ತಿಂಗಳ ಕೊನೆಯ ದಿನ ಉಶ್ ಸಾರ್ ನನ್ನ ಮೇಜಿನ ಬಳಿ ಬಂದು ಹುಬ್ಬು ಮೇಲೆತ್ತಿದರು. ನಾನು ಅಡ್ಡಡ್ಡ ತಲೆಯಾಡಿಸಿದೆ. “ಸಂಜೆವರೆಗೂ ಟೈಮಿದೆ. ಮನೆಗೆ ಹೋಗಿ ನೋಡಿ” ಎಂದರು. “ಹೋಗ್ತಾ ಬೀದಿ ಅಳ್ಕೊಂಡು ಹೋಗಿ, ಹೊತ್ತು ವ್ಯರ್ಥ ಆಗ್ಬಾರ್ದು.”

ಮೀಟರನ್ನು ಎದೆಗೆ ಅವುಚಿಕೊಂಡು ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದೆ. ಮಧ್ಯಾಹ್ನದ ಬೀದಿ ಬರಿದಾಗಿತ್ತು. ಒಂದು ನಾಯಿ ಮಲಗಿತ್ತು, ಯಾರದೋ ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು. ಮೀಟರಿನ ಅಂಕಿ ಸುಖವಾಗಿ ಕೆಳಗೆ ಬಿದ್ದುಕೊಂಡಿತ್ತು. ದೂರದಲ್ಲಿ ನಮ್ಮ ಗೇಟಿನ ಮುಂದೆ ಕೊರಿಯರಿನವನ ಸ್ಕೂಟರು. ಅಜ್ಜಿ ಬಾಗಿಲಲ್ಲಿ, ಅರ್ಧ ತೆರೆದ ಬಾಗಿಲಿನ ಆ ಅರ್ಧದಲ್ಲಿ. ಕೊರಿಯರಿನವನು ಲಕೋಟೆಯನ್ನು ಚೀಲಕ್ಕೆ ವಾಪಸು ತುರುಕಿ ಸ್ಕೂಟರು ಹತ್ತಿದ.

ಬಾಗಿಲು ಮುಚ್ಚಿತು. ಮರುಕ್ಷಣ ಧಡಾರನೆ ಪೂರ್ತಿ ತೆರೆಯಿತು. ಅಜ್ಜಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಬರಿಗಾಲಲ್ಲಿ ಹೊರಗೆ ಬಂದಳು. “ಲೋ, ನಿಲ್ಲೋ, ಇದಾಳೋ, ನಾಲಿಗೆ ತಪ್ಪಿತೋ” ಎಂದು ಕೈಬೀಸಿದಳು. ಅವಳ ದನಿ ಗೇಟು ದಾಟಲಿಲ್ಲ. ಹಿಂದೆ ಅಮ್ಮ, ಅಮ್ಮನ ಹಿಂದೆ ಸ್ಕ್ರೂಡ್ರೈವರು ಹಿಡಿದ ಮಾವ. ಸ್ಕೂಟರು ನನಗೆ ಬೆನ್ನು ಹಾಕಿ ಬೀದಿಯ ಆ ತುದಿಗೆ ಹೊರಟಿತು.

ನನಗೆ ಅಷ್ಟು ದನಿಯಿದೆ ಎಂದು ನನಗೇ ಗೊತ್ತಿರಲಿಲ್ಲ.

“ನಾನಿದೀನಿ” ಎಂದು ಕೂಗಿದೆ. “ನಾನಿಲ್ಲೇ ಇದೀನಿ.”

ನಾಯಿ ಎದ್ದು ನಿಂತಿತು. ಒಣಗುತ್ತಿದ್ದ ಬಟ್ಟೆಯ ಹಿಂದಿನಿಂದ ಒಂದು ತಲೆ ಹೊರಬಂತು. ಸ್ಕೂಟರು ತುದಿಯಲ್ಲಿ ಗಕ್ಕನೆ ನಿಂತಿತು. ಕೊರಿಯರಿನವನು ಹಿಂತಿರುಗಿ ಬಂದು, ಸಹಿ ಹಾಕಿಸಿಕೊಂಡು ಲಕೋಟೆ ಕೊಟ್ಟ. “ಇಷ್ಟು ಜೋರಾಗಿ ಇರೋರನ್ನ ಇಲ್ಲ ಅಂದ್ರಲ್ಲ ನಿಮ್ಮ ಅಜ್ಜಿ” ಎಂದ.

ಅಜ್ಜಿ ನನ್ನ ಗಂಟಲನ್ನು ಮುಟ್ಟಿ ನೋಡುತ್ತಿದ್ದಳು. “ಇಷ್ಟು ದಿನ ಇದನ್ನ ಎಲ್ಲಿಟ್ಟಿದ್ಯೇ, ಮೌನಗೌರಿ?”

ಅಲ್ಲೇ ಗೇಟಿನ ಬಳಿ ನಿಂತು ಕಾರ್ಡಿನ ನಂಬರನ್ನು ಕಚೇರಿಗೆ ಓದಿ ಹೇಳಿದೆ. ಆ ಕಡೆಯಿಂದ ಉಶ್ ಸಾರ್ ಬರೆದುಕೊಂಡರು. ತರಬೇತಿಗೆ ನನ್ನ ಹೆಸರು ಹೋಯಿತು.

ಮರುದಿನ ಬೆಳಿಗ್ಗೆ ಅವರು ಮೀಟರನ್ನು ನನ್ನಿಂದ ತೆಗೆದುಕೊಂಡು ಹಿಡಿದಿಟ್ಟ ಅಂಕಿಯನ್ನು ನೋಡಿದರು. ಮತ್ತೆ ಒರೆಸಿ ನೋಡಿದರು.

“ನಿಮ್ಮ ಬೀದೀಲಿ ಕಲ್ಲು ಒಡೆಯೋ ಮಷೀನ್ ಏನಾದ್ರೂ ಬಂದಿದೆಯಾ?”

“ಇಲ್ಲ ಸಾರ್.”

“ಮತ್ತೆ ಇದು ಯಾವುದರದು? ಬರೀದೆ ಅಳಿಸೋ ಹಾಗಿಲ್ಲ, ಗೊತ್ತಲ್ಲ.”

ಪುಸ್ತಕ ಎಳೆದುಕೊಂಡು ಅಂಕಿಯ ಮುಂದೆ, ಸದ್ದಿನ ಮೂಲ ಎಂದಿದ್ದ ಕಡೆ, ನನ್ನ ಹೆಸರು ಬರೆದೆ. ಪೂರ್ತಿ, ಇನಿಷಿಯಲ್ ಸಮೇತ.

ಉಶ್ ಸಾರ್ ಓದಿದರು. ನನ್ನನ್ನು ನೋಡಿದರು. ತುಟಿಯ ಮೇಲೆ ಇಡಲು ಬೆರಳೆತ್ತಿದವರು, ಏನೆನ್ನಿಸಿತೋ, ಅದನ್ನು ಹಾಗೇ ಕೆಳಗಿಳಿಸಿದರು.